ಸೂಚಕ ದೀಪ ಸುಳ್ಳಾಡಬಾರದು

ಸೂರತ್ ನಗರಕ್ಕೆ ಸೇರಿದ ಉಧ್ನಾ ಪವರ್‌ಲೂಮ್‌ಗಳ ನೆಲೆ. ಪಾಲಿಯೆಸ್ಟರ್ ಬಟ್ಟೆ ನೇಯುವ ಅಲ್ಲಿನ ಶೆಡ್‌ಗಳಲ್ಲಿ ಮಗ್ಗಗಳ ಅಬ್ಬರ ಎಷ್ಟೆಂದರೆ, ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಒಡಿಶಾದ ಗಂಜಾಂ ಜಿಲ್ಲೆಯಿಂದ ಬಂದ ಸಾವಿರಾರು ಕಾರ್ಮಿಕರು ಸೂರತ್‌ನ ಮಗ್ಗಗಳಲ್ಲಿ ದುಡಿಯುತ್ತಾರೆ. ಒಬ್ಬರು ಏಕಕಾಲಕ್ಕೆ ಹಲವು ಮಗ್ಗಗಳನ್ನು ನೋಡಿಕೊಳ್ಳಬೇಕು. ಎಳೆ ಯಾವ ಮಗ್ಗದಲ್ಲಿ ಕಡಿಯಿತೆಂದು ಕಿವಿಗೆ ತಿಳಿಯುವಂತಿಲ್ಲ, ಕಣ್ಣಿಗೇ ಕಾಣಬೇಕು. ಆಧುನಿಕ ಮಗ್ಗಗಳ ಮೇಲೆ ಬಣ್ಣದ ಸೂಚಕ ದೀಪಗಳಿರುವುದು ಇದಕ್ಕಾಗಿ.

ಇದರ ಮೂಲ ತಂತ್ರ ಸರಳ. ಹಾಸಿನ ಪ್ರತಿ ಎಳೆಯ ಮೇಲೂ ಡ್ರಾಪ್ ವೈರ್ ಎಂಬ ತೆಳು ಲೋಹದ ಪಟ್ಟಿ ಕೂತಿರುತ್ತದೆ. ಎಳೆ ಬಿಗಿಯಾಗಿರುವ ತನಕ ಪಟ್ಟಿ ಮೇಲೆಯೇ ನಿಲ್ಲುತ್ತದೆ. ಎಳೆ ಕಡಿದರೆ ಪಟ್ಟಿ ಕೆಳಗಿನ ಸರಳಿನ ಮೇಲೆ ಬಿದ್ದು ವಿದ್ಯುತ್ ಮಂಡಲ ಪೂರ್ಣಗೊಳ್ಳುತ್ತದೆ, ಮಗ್ಗ ನಿಲ್ಲುತ್ತದೆ, ದೀಪ ಹೊತ್ತುತ್ತದೆ. ಹಿಂದೆ ಪಟ್ಟಿಗೂ ದೀಪಕ್ಕೂ ನಡುವೆ ಬರೀ ತಂತಿ ಇತ್ತು. ಈಗ ಆ ಜಾಗದಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ, ಅದರೊಳಗೆ ತಂತ್ರಾಂಶ. ದೀಪ ಏನು ಹೇಳಬೇಕೆಂದು ತೀರ್ಮಾನಿಸುವುದು ಆ ತಂತ್ರಾಂಶ. ಅದನ್ನು ಬರೆದಷ್ಟೇ ಎಚ್ಚರದಿಂದ ಇನ್ನೊಬ್ಬರು ಓದಿ ಪರೀಕ್ಷಿಸುವುದು ಏಕೆ ಮುಖ್ಯ ಎಂಬುದೇ ಈ ಲೇಖನದ ವಿಷಯ.

ಮಗ್ಗ ತಯಾರಕರ ತಂತ್ರಾಂಶ ಸಾಮಾನ್ಯವಾಗಿ ಹೊರಗಿನವರ ಓದಿಗೆ ಸಿಗುವುದಿಲ್ಲ. ಹಾಗಾಗಿ ಉದಾಹರಣೆಗೆ ಎಲ್ಲರಿಗೂ ತೆರೆದಿರುವ ಲಿನಕ್ಸ್ ಕರ್ನೆಲ್ ಅನ್ನು ನೋಡೋಣ. ಯಂತ್ರಾಂಶಕ್ಕೂ ಅದರ ಮೇಲೆ ನಡೆಯುವ ಪ್ರೋಗ್ರಾಂಗಳಿಗೂ ನಡುವೆ ನಿಂತು ಇಡೀ ವ್ಯವಸ್ಥೆಯನ್ನು ನಡೆಸುವ ತಿರುಳು ಅದು. ರೌಟರ್, ಆಂಡ್ರಾಯ್ಡ್ ಫೋನ್, ಸರ್ವರ್, ಕಾರ್ಖಾನೆಯ ನಿಯಂತ್ರಕ ಹೀಗೆ ಎಲ್ಲೆಡೆ ಲಿನಕ್ಸ್ ಇದೆ. 2006ರಲ್ಲಿ ರಿಚರ್ಡ್ ಪರ್ಡಿ ಇದಕ್ಕೆ ಎಲ್‌ಇಡಿಗಳಿಗೆಂದೇ ಒಂದು ವಿಭಾಗ ಸೇರಿಸಿದರು. ಅಂದಿನಿಂದ ಪ್ರತಿ ದೀಪವೂ ವ್ಯವಸ್ಥೆಯೊಳಗೆ ಒಂದು ಕಡತಕೋಶವಾಗಿ ಕಾಣಿಸುತ್ತದೆ. ಅದರಲ್ಲಿರುವ ‘ಬ್ರೈಟ್‌ನೆಸ್’ ಎಂಬ ಕಡತಕ್ಕೆ 1 ಬರೆದರೆ ದೀಪ ಹೊತ್ತುತ್ತದೆ, 0 ಬರೆದರೆ ಆರುತ್ತದೆ. ಆ ಅಂಕಿಯನ್ನು ನಿರ್ದಿಷ್ಟ ಚಿಪ್‌ಗೆ ಅರ್ಥವಾಗುವ ಆದೇಶವಾಗಿ ಮಾರ್ಪಡಿಸುವ ಕೆಲಸ ಡ್ರೈವರ್‌ನದು.

ಇಂಥ ಡ್ರೈವರ್ ಕೆಲವು ನೂರು ಸಾಲುಗಳಷ್ಟೇ ಇರಬಹುದು. ಆದರೂ ಅನುಭವಿ ಪರಿಶೀಲಕರು ಅದನ್ನು ಸಾಲುಸಾಲಾಗಿ ಓದುತ್ತಾರೆ. ಮೊದಲು ನೋಡುವುದು ಕಾಯುವಿಕೆಯನ್ನು. ಎಷ್ಟೋ ಎಲ್‌ಇಡಿ ಚಿಪ್‌ಗಳು ಪ್ರೊಸೆಸರ್ ಜೊತೆ ಮಾತಾಡುವುದು ಐ2ಸಿ ಎಂಬ ಎರಡು ತಂತಿಗಳ ಮೂಲಕ. ಅದರ ಸಾಮಾನ್ಯ ವೇಗ ಸೆಕೆಂಡಿಗೆ 1 ಲಕ್ಷ ಬಿಟ್. ಚಿಪ್‌ನ ವಿಳಾಸ, ಅದರೊಳಗಿನ ರಿಜಿಸ್ಟರ್ ಎಂಬ ಪುಟ್ಟ ಸ್ಮೃತಿಕೋಶದ ಸಂಖ್ಯೆ, ಅದರಲ್ಲಿ ಬರೆಯಬೇಕಾದ ಮೌಲ್ಯ ಎಂದು 3 ಬೈಟ್ ಕಳಿಸಲು, ಪ್ರತಿ ಬೈಟ್‌ಗೂ ಒಂದು ಸ್ವೀಕೃತಿ ಬಿಟ್ ಸೇರಿಸಿ, 27 ಬಿಟ್ ಬೇಕು. ಅಂದರೆ ಸುಮಾರು 0.3 ಮಿಲಿಸೆಕೆಂಡ್. ನಮಗೆ ಅದು ಗಮನಕ್ಕೇ ಬಾರದ ಹೊತ್ತು. ಸೆಕೆಂಡಿಗೆ 100 ಕೋಟಿ ಬಾರಿ ಮಿಡಿಯುವ ಪ್ರೊಸೆಸರ್‌ಗೆ ಅದು 3 ಲಕ್ಷ ಮಿಡಿತಗಳ ಕಾಯುವಿಕೆ. ಕರ್ನೆಲ್‌ನಲ್ಲಿ ಕೆಲವು ಸಂದರ್ಭಗಳಲ್ಲಿ, ಉದಾಹರಣೆಗೆ ಯಂತ್ರಾಂಶದ ತುರ್ತು ಕರೆಗೆ ಉತ್ತರಿಸುವಾಗ, ಕೆಲಸ ಬಿಟ್ಟು ನಿದ್ರಿಸುವಂತೆಯೇ ಇಲ್ಲ. ನಿದ್ರಿಸಿದರೆ ಇಡೀ ವ್ಯವಸ್ಥೆ ಸ್ತಬ್ಧವಾಗಬಹುದು. ದೀಪ ಬದಲಿಸುವ ಆದೇಶ ಅಂಥ ಹೊತ್ತಿನಲ್ಲೂ ಬರಬಹುದು. ಅದಕ್ಕಾಗಿ ಲಿನಕ್ಸ್ ಎರಡು ದಾರಿ ಇಟ್ಟಿದೆ. ಕಾಯದೆ ಮುಗಿಯುವ ಕೆಲಸಕ್ಕೆ ಒಂದು, ಕಾಯಬೇಕಾದುದಕ್ಕೆ ಇನ್ನೊಂದು. ಎರಡನೆಯದರಲ್ಲಿ ಬಂದ ಆದೇಶವನ್ನು ಕರ್ನೆಲ್ ಸರದಿಗೆ ಹಾಕಿ, ಸುರಕ್ಷಿತ ಹೊತ್ತು ನೋಡಿ ಪೂರೈಸುತ್ತದೆ. ಐ2ಸಿ ಚಿಪ್‌ನ ಡ್ರೈವರ್ ಮೊದಲ ದಾರಿ ಹಿಡಿದಿದ್ದರೆ ಪರಿಶೀಲಕರು ಅಲ್ಲೇ ತಡೆಯುತ್ತಾರೆ.

ಎರಡನೆಯದು ಹಂಚಿಕೆಯ ಪ್ರಶ್ನೆ. ಎನ್‌ಎಕ್ಸ್‌ಪಿ ಕಂಪನಿಯ ಪಿಸಿಎ9532 ಚಿಪ್ 16 ಎಲ್‌ಇಡಿಗಳನ್ನು ನಡೆಸುತ್ತದೆ. ಒಂದೊಂದು ಎಲ್‌ಇಡಿಗೆ 2 ಬಿಟ್, ಹಾಗಾಗಿ 8 ಬಿಟ್‌ಗಳ ಒಂದು ರಿಜಿಸ್ಟರ್‌ನಲ್ಲಿ 4 ದೀಪಗಳ ವಾಸ. ಒಂದು ದೀಪ ಬದಲಿಸಲು ಇಡೀ ರಿಜಿಸ್ಟರ್ ಓದಿ, 2 ಬಿಟ್ ತಿದ್ದಿ, ಮರಳಿ ಬರೆಯಬೇಕು. ಪ್ರೊಸೆಸರ್‌ನ ಒಂದು ಕೋರ್ ಕೆಂಪು ದೀಪ ಹೊತ್ತಿಸಲು ರಿಜಿಸ್ಟರ್ ಓದಿತು ಎನ್ನಿ. ಅದು ಬರೆಯುವ ಮೊದಲೇ ಇನ್ನೊಂದು ಕೋರ್ ಹಸಿರು ದೀಪ ಆರಿಸಲು ಅದೇ ಹಳೆಯ ಮೌಲ್ಯ ಓದಿತು. ಮೊದಲನೆಯದು ಬರೆದು ಕೆಂಪು ಹೊತ್ತಿತು. ಎರಡನೆಯದು ತನ್ನ ಕೈಲಿದ್ದ ಹಳೆಯ ಪ್ರತಿಯನ್ನು ತಿದ್ದಿ ಬರೆಯುತ್ತಲೇ ಕೆಂಪು ಆರಿಹೋಯಿತು. ಅಪಾಯ ಇದೆ, ದೀಪ ಇಲ್ಲ. ಲಕ್ಷಕ್ಕೊಮ್ಮೆ ಆಗಬಹುದಾದ ಇಂಥ ತಪ್ಪು ಪರೀಕ್ಷಾ ಮೇಜಿನ ಮೇಲೆ ಕಾಣಿಸಿಕೊಳ್ಳುವುದೇ ಅಪರೂಪ. ಓದುವ ಕಣ್ಣಿಗೆ ಮಾತ್ರ ಅದು ಸಿಗುತ್ತದೆ. ಪರಿಹಾರವೂ ಚಿಕ್ಕದು: ಓದುವುದರಿಂದ ಬರೆಯುವ ತನಕ ಬೇರೆಯವರು ಒಳಬಾರದಂತೆ ಬೀಗ ಹಾಕಬೇಕು.

ಮೂರನೆಯದು ಅಳತೆಯ ಪ್ರಾಮಾಣಿಕತೆ. ಚಿಪ್‌ಗೆ 0ಯಿಂದ 15ರ ತನಕ ಬೆಳಕಿನ 16 ಮಟ್ಟಗಳಷ್ಟೇ ಗೊತ್ತಿದ್ದು, ಡ್ರೈವರ್ ಮಾತ್ರ ತನ್ನ ಗರಿಷ್ಠ ಮಟ್ಟ 255 ಎಂದು ಸಾರಿದರೆ ಏನಾಗುತ್ತದೆ? ಬಂದ ಅಂಕಿಯನ್ನು 17ರಿಂದ ಭಾಗಿಸಿ ಶೇಷ ಬಿಟ್ಟರೆ 1ರಿಂದ 16ರ ತನಕದ ಎಲ್ಲ ಕೋರಿಕೆಗಳೂ ಸೊನ್ನೆಯಾಗುತ್ತವೆ. ಬಳಕೆದಾರರು ಮಂದ ಬೆಳಕು ಕೇಳಿದ್ದಾರೆ, ಕಡತವೂ ‘ಹೊತ್ತಿದೆ’ ಎನ್ನುತ್ತಿದೆ, ದೀಪ ಮಾತ್ರ ಆರಿದೆ. ಗರಿಷ್ಠ 15 ಎಂದು ಇದ್ದುದನ್ನು ಇದ್ದಂತೆ ಹೇಳಿದರೆ ತೊಡಕೇ ಇಲ್ಲ. ಯಂತ್ರ ಚಾಲೂ ಆಗುವ ಹೊತ್ತಿಗೂ ಇದೇ ನಿಯಮ ಅನ್ವಯಿಸುತ್ತದೆ. ಕರ್ನೆಲ್ ಏಳುವ ಮೊದಲೇ, ಅದನ್ನು ಎಬ್ಬಿಸುವ ಬೂಟ್‌ಲೋಡರ್ ದೀಪ ಹೊತ್ತಿಸಿರಬಹುದು. ಆ ಸ್ಥಿತಿಯನ್ನು ಹಾಗೇ ಉಳಿಸಿಕೊಳ್ಳಬೇಕೆಂದಿದ್ದರೆ ಡ್ರೈವರ್ ಚಿಪ್‌ನಿಂದಲೇ ಓದಿ ತಿಳಿಯಬೇಕು. ಆರಿದೆ ಎಂದು ಊಹಿಸಿ ಹೊರಟರೆ ಲೆಕ್ಕಕ್ಕೂ ದೀಪಕ್ಕೂ ಮೊದಲ ಕ್ಷಣದಿಂದಲೇ ತಾಳೆಯಾಗುವುದಿಲ್ಲ.

ಮಿನುಗುವ ದೀಪದ ವಿಷಯ ಇನ್ನೂ ಸೂಕ್ಷ್ಮ. ಲಿನಕ್ಸ್‌ನಲ್ಲಿ ‘ಹಾರ್ಟ್‌ಬೀಟ್’ ಎಂಬ ಸೌಲಭ್ಯವಿದೆ. ಅದನ್ನು ಜೋಡಿಸಿದ ದೀಪ ಹೃದಯದ ಬಡಿತದಂತೆ ಎರಡೆರಡು ಬಾರಿ ಮಿನುಗುತ್ತದೆ, ಕೆಲಸದ ಹೊರೆ ಹೆಚ್ಚಿದಂತೆ ಬಡಿತವೂ ಚುರುಕಾಗುತ್ತದೆ. ಪ್ರತಿ ಮಿನುಗನ್ನೂ ಕರ್ನೆಲ್ಲೇ ಎಣಿಸಿ ಕೊಡುವುದರಿಂದ, ಕರ್ನೆಲ್ ಸ್ತಬ್ಧವಾದರೆ ಮಿನುಗೂ ನಿಲ್ಲುತ್ತದೆ. ಆದರೆ ಪಿಸಿಎ9532ನಂಥ ಚಿಪ್‌ಗಳು ಒಮ್ಮೆ ಹೇಳಿಬಿಟ್ಟರೆ ಸ್ವತಃ ಮಿನುಗಿಸಬಲ್ಲವು. ಪ್ರೊಸೆಸರ್‌ನ ಶ್ರಮ ಉಳಿಯುತ್ತದೆ ನಿಜ, ಕರ್ನೆಲ್ ಸತ್ತ ಮೇಲೂ ದೀಪ ಮಿನುಗುತ್ತಲೇ ಇರುತ್ತದೆ ಎಂಬುದೂ ಅಷ್ಟೇ ನಿಜ. ನೋಡುವ ಕಣ್ಣಿಗೆ ಎರಡೂ ಒಂದೇ. ಒಂದು ಯಂತ್ರ ಬದುಕಿದೆ ಎಂಬುದಕ್ಕೆ ಸಾಕ್ಷಿ, ಇನ್ನೊಂದು ಯಾವುದಕ್ಕೂ ಸಾಕ್ಷಿಯಲ್ಲ. ಯಾವ ದೀಪಕ್ಕೆ ಯಾವ ಬಗೆಯ ಮಿನುಗು ಎಂದು ಕೇಳುವುದೂ ಪರಿಶೀಲನೆಯ ಭಾಗವೇ.

ಡ್ರೈವರ್‌ನಲ್ಲಿ ಒಂದೂ ತಪ್ಪಿಲ್ಲದೆ ಹೋದರೂ ದೀಪ ಸುಳ್ಳು ಹೇಳಬಹುದು. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒತ್ತಡ ಇಳಿಸುವ ಕವಾಟವೊಂದು ಮುಚ್ಚದೆ ಸಿಕ್ಕಿಕೊಂಡಿತು. ನಿಯಂತ್ರಣ ಕೊಠಡಿಯ ದೀಪ ಆರಿತ್ತು. ಕವಾಟ ಮುಚ್ಚಿದೆ ಎಂದು ಸಿಬ್ಬಂದಿ ತಿಳಿದರು. ಆ ದೀಪ ತೋರಿಸುತ್ತಿದ್ದುದು ಕವಾಟ ನಡೆಸುವ ವಿದ್ಯುತ್ಕಾಂತವಾದ ಸೊಲೆನಾಯ್ಡ್‌ಗೆ ವಿದ್ಯುತ್ ಹೋಗುತ್ತಿದೆಯೇ ಎಂಬುದನ್ನಷ್ಟೇ, ಕವಾಟದ ನಿಜ ಸ್ಥಿತಿಯನ್ನಲ್ಲ. ಎರಡು ತಾಸಿಗೂ ಹೆಚ್ಚು ಕಾಲ ತಂಪುಗೊಳಿಸುವ ನೀರು ಹೊರಹೋಯಿತು. ಸ್ಥಾವರದ ತಿರುಳಿನ ಅರ್ಧದಷ್ಟು ಕರಗಿತು. ಆದೇಶ ಹೊರಟಿದ್ದನ್ನೇ ಕೆಲಸ ಆಗಿದೆ ಎಂದು ತೋರಿಸುವ ದೀಪ ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಈ ಪಾಠವನ್ನು ರೈಲ್ವೆಯವರು ಬಹಳ ಹಿಂದೆಯೇ ಕಲಿತಿದ್ದಾರೆ. ಭಾರತೀಯ ರೈಲ್ವೆಯ ಬಣ್ಣದ ದೀಪದ ಸಿಗ್ನಲ್‌ಗಳಲ್ಲಿ ದೀಪಕ್ಕೆ ಆದೇಶ ಕೊಟ್ಟು ಸುಮ್ಮನಾಗುವುದಿಲ್ಲ. ದೀಪದ ಮಂಡಲದಲ್ಲಿ ನಿಜಕ್ಕೂ ವಿದ್ಯುತ್ ಹರಿಯುತ್ತಿದೆಯೇ ಎಂದು ಒಂದು ರಿಲೇ ಸದಾ ಪರೀಕ್ಷಿಸುತ್ತಿರುತ್ತದೆ. ಕೆಂಪು ದೀಪ ಕೆಟ್ಟು ಸಿಗ್ನಲ್ ಕತ್ತಲಾದರೆ, ಅದಕ್ಕಿಂತ ಹಿಂದಿನ ಸಿಗ್ನಲ್‌ನಲ್ಲೇ ಕೆಂಪು ಹೊತ್ತಿಸಿ ರೈಲನ್ನು ತಡೆಯುವ ಏರ್ಪಾಡಿದೆ.

ಕಾರ್ಖಾನೆಯ ಯಂತ್ರಗಳಿಗೆ ದೀಪ ಜೋಡಿಸುವವರು, ಡ್ರೈವರ್ ಬರೆಯುವವರು, ಅದನ್ನು ಪರಿಶೀಲಿಸುವವರು ಮೂವರೂ ಈ ಶಿಸ್ತನ್ನು ಪಾಲಿಸಬಹುದು. ಅಳೆಯಲು ಸಾಧ್ಯವಿದ್ದಲ್ಲಿ ಅಳೆದು ತೋರಿಸಬೇಕು. ಸಾಧ್ಯವಿಲ್ಲದಲ್ಲಿ ದೀಪದ ಹೆಸರಿನಲ್ಲೇ ಆ ಮಿತಿ ಕಾಣಬೇಕು: ‘ಮೋಟಾರ್ ತಿರುಗುತ್ತಿದೆ’ ಎಂದಲ್ಲ, ‘ಮೋಟಾರ್‌ಗೆ ಆದೇಶ ಹೋಗಿದೆ’ ಎಂದು. ಚಿಪ್‌ನಿಂದ ದೋಷದ ಉತ್ತರ ಬಂದರೆ ಅದನ್ನು ನುಂಗದೆ ಮೇಲಕ್ಕೆ ದಾಟಿಸಬೇಕು. ಇವನ್ನು ಕಲಿಯಲು ದುಬಾರಿ ಪ್ರಯೋಗಾಲಯ ಬೇಕಿಲ್ಲ. ಲಿನಕ್ಸ್‌ನ ಎಲ್‌ಇಡಿ ಡ್ರೈವರ್‌ಗಳ ಪ್ರತಿ ಸಾಲೂ ಯಾರು ಬೇಕಾದರೂ ಓದುವಂತೆ ತೆರೆದಿದೆ, ಚಿಪ್‌ಗಳ ವಿವರಪತ್ರಗಳು ಬಹುಪಾಲು ಉಚಿತವಾಗಿ ಸಿಗುತ್ತವೆ. ನಮ್ಮ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಕೋಡ್ ಬರೆಯುವುದನ್ನು ಕಲಿಸುತ್ತವೆ. ಬೇರೆಯವರು ಬರೆದದ್ದನ್ನು ಸಂಶಯದ ಕಣ್ಣಿಂದ, ಗೌರವದಿಂದ ಓದುವುದನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಬೇಕು. ದೀಪವನ್ನು ನಂಬಿ ಯಂತ್ರದೊಳಗೆ ಕೈ ಹಾಕುವ ಕಾರ್ಮಿಕರಿಗೆ ಆ ಕೋಡನ್ನು ಓದುವ ಅವಕಾಶವಿಲ್ಲ. ಅವರ ಪರವಾಗಿ ಓದಬೇಕಾದವರು ಪರಿಶೀಲಕರೇ.