ಬಸವಕಲ್ಯಾಣ–ಹುಮನಾಬಾದ್ ಸೀಮೆಯ ಮಣ್ಣಿನ ಮಾಳಿಗೆ

ಬೆಳೆಗೆ ಒಲ್ಲದ ಸವುಳು ಮಣ್ಣು ಮನೆಯ ಮಾಳಿಗೆಗೆ ಒಗ್ಗುವುದೇಕೆ?

ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಎತ್ತರದ ನೆಲದಲ್ಲಿ ಗೋಡೆ ಕಟ್ಟಲು ಜಂಬಿಟ್ಟಿಗೆ, ಅಂದರೆ ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕೆಂಗಲ್ಲು, ಸಿಗುತ್ತದೆ. ತಗ್ಗಿನ ಎರೆಮಣ್ಣು ನೀರು ಕುಡಿದು ಹಿಗ್ಗಿ, ಬಿಸಿಲಿಗೆ ಬಿರಿಯುವುದರಿಂದ ಅದರ ಗಿಲಾವಿಗೆ, ಅಂದರೆ ಗೋಡೆಯ ಲೇಪಕ್ಕೆ, ಹೊಟ್ಟು ಬೆರೆಸಬೇಕಾಗುತ್ತದೆ.

ಉತ್ತರ ಕರ್ನಾಟಕದ ಮಾಳಿಗೆ ಮನೆಯಲ್ಲಿ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಹಾಸಿ, ಮಣ್ಣನ್ನು ದಪ್ಪವಾಗಿ ಹರಡಿ ಬಡಿಯಲಾಗುತ್ತದೆ. ಮೇಲ್ಪದರಕ್ಕೆ ಹಾಕುವ ಸವುಳು ಮಣ್ಣಿನಲ್ಲಿ, ಅಂದರೆ ಕ್ಷಾರ ಮಣ್ಣಿನಲ್ಲಿ, ಸೋಡಿಯಂ ಹೆಚ್ಚಿರುವುದರಿಂದ, ಅದು ನೆನೆದಾಗ ಜೇಡಿಯ ಸೂಕ್ಷ್ಮ ಕಣಗಳು ಚದುರಿ ರಂಧ್ರಗಳನ್ನು ಮುಚ್ಚಿ ನೀರಿಳಿಯದಂತೆ ತಡೆಯುತ್ತವೆ.

ಜೂನ್ ಮಳೆಗೆ ಮುನ್ನ ಮಾಳಿಗೆಯ ಹುಲ್ಲನ್ನು ಬೇರುಸಹಿತ ಕಿತ್ತು, ಬಿರುಕುಗಳಿಗೆ ಅದೇ ಸವುಳು ಮಣ್ಣು ತುಂಬಿ, ಇಳಿಜಾರು ಸರಿಪಡಿಸಬೇಕು. ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಹೋಗಲಾರದೆ ಮಣ್ಣು ಸಡಿಲಗೊಳ್ಳುವುದರಿಂದ, ದುರಸ್ತಿಗೂ ಮಣ್ಣಿನ ಗಿಲಾವೇ ಸೂಕ್ತ.