ಹರಳು ತುಪ್ಪದಂಥ ಲೋಹ

ಚಳಿಗಾಲದ ಬೆಳಿಗ್ಗೆ ತುಪ್ಪದ ಡಬ್ಬಿ ತೆರೆದರೆ ಒಳಗಿರುವುದು ಪೂರ್ತಿ ಗಟ್ಟಿಯೂ ಅಲ್ಲ, ಪೂರ್ತಿ ತೆಳುವೂ ಅಲ್ಲ. ಮರಳು ಮರಳಾದ ಕಾಳುಗಳು, ಅವುಗಳ ನಡುವೆ ಎಣ್ಣೆಯಂಥ ದ್ರವ. ಡಬ್ಬಿ ಓರೆ ಮಾಡಿದರೆ ಅಷ್ಟೂ ಕಾಳಿನೊಂದಿಗೆ ಮೆಲ್ಲಗೆ ಜಾರಿ ಬರುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹವನ್ನು ಇಂಥದೇ ಸ್ಥಿತಿಗೆ ತಂದು ಅಚ್ಚಿಗೆ ತುಂಬುವ ವಿಧಾನವೇ ಅರೆಘನ ಎರಕ. ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಲೋಹದ ಉರುಳೆ ನೆಟ್ಟಗೆ ನಿಂತಿರುತ್ತದೆ. ಕಬ್ಬಿಣದಂತೆ ಕೆಂಪೇರದೆ ಬೆಳ್ಳಗೇ ಇರುತ್ತದೆ. ಚಾಕು ಇಟ್ಟು ಒತ್ತಿದರೆ ಮಾತ್ರ ಬೆಣ್ಣೆಯಂತೆ ಇಬ್ಭಾಗವಾಗುತ್ತದೆ.

ಶುದ್ಧ ಅಲ್ಯೂಮಿನಿಯಂನಲ್ಲಿ ಇದು ಸಾಧ್ಯವಿಲ್ಲ. ಅದು 660 ಡಿಗ್ರಿಯಲ್ಲಿ ಒಂದೇ ಮಟ್ಟಕ್ಕೆ ಕರಗುತ್ತದೆ, ಅಲ್ಲೇ ಗಟ್ಟಿಯಾಗುತ್ತದೆ. ಅದಕ್ಕೆ 7 ಶೇಕಡಾ ಸಿಲಿಕಾನ್ ಬೆರೆತರೆ ಕತೆ ಬೇರೆ. ತಣಿಯುವಾಗ ಸುಮಾರು 615 ಡಿಗ್ರಿಯಲ್ಲಿ ಮೊದಲ ಹರಳುಗಳು ಕಾಣಿಸಿಕೊಳ್ಳುತ್ತವೆ. ಪೂರ್ತಿ ಗಟ್ಟಿಯಾಗಲು ಇನ್ನೂ ನಲವತ್ತು ಡಿಗ್ರಿಯಷ್ಟು ಇಳಿಯಬೇಕು. ಆ ನಡುವಿನ ಹಾದಿಯಲ್ಲಿ ಹರಳೂ ದ್ರವವೂ ಒಟ್ಟಿಗೇ ಇರುತ್ತವೆ.

ಹಾಗಿದ್ದರೆ ಎರಕದವರು ಈ ಸ್ಥಿತಿಯನ್ನು ಮೊದಲೇ ಏಕೆ ಬಳಸಿಕೊಳ್ಳಲಿಲ್ಲ? ತೊಡಕು ಇದ್ದದ್ದು ಹರಳಿನ ಆಕಾರದಲ್ಲಿ. ತನ್ನ ಪಾಡಿಗೆ ತಣಿಯುವ ಲೋಹದಲ್ಲಿ ಹರಳುಗಳು ಮರದಂತೆ ಬೆಳೆಯುತ್ತವೆ: ಕಾಂಡ, ಕೊಂಬೆ, ಕೊಂಬೆಗೊಂದು ಕವಲು. ಐದನೇ ಒಂದು ಭಾಗ ಗಟ್ಟಿಯಾಗುವಷ್ಟರಲ್ಲೇ ಕೊಂಬೆಗಳು ಒಂದಕ್ಕೊಂದು ಹೆಣೆದುಕೊಂಡು ಲೋಹ ಹರಿಯಲು ನಿರಾಕರಿಸುತ್ತದೆ.

ಈ ಗಂಟು ಬಿಚ್ಚಿದ್ದು ಬೇರೆ ಏನನ್ನೋ ಹುಡುಕುತ್ತಿದ್ದ ಒಬ್ಬ ವಿದ್ಯಾರ್ಥಿ. 1970ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರೊಫೆಸರ್ ಮರ್ಟನ್ ಫ್ಲೆಮಿಂಗ್ಸ್ ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಡೇವಿಡ್ ಸ್ಪೆನ್ಸರ್‌ಗೆ, ಎರಕ ಗಟ್ಟಿಯಾಗುವ ಹೊತ್ತಿನಲ್ಲೇ ಬಿರುಕು ಬಿಡುವುದೇಕೆ ಎಂಬುದು ತಿಳಿಯಬೇಕಿತ್ತು. ಕಡಿಮೆ ಶಾಖಕ್ಕೆ ಕರಗುವ ತವರ ಮತ್ತು ಸೀಸದ ಮಿಶ್ರಣವನ್ನು ಒಂದರೊಳಗೊಂದು ಕೂತ ಎರಡು ಉರುಳೆಗಳ ಸಂದಿಗೆ ಸುರಿದು, ಒಂದನ್ನು ತಿರುಗಿಸುತ್ತಾ ಎಷ್ಟು ಬಲ ಬೇಕಾಗುತ್ತದೆ ಎಂದು ಅಳೆಯುತ್ತಿದ್ದರು. ಅರೆಗಟ್ಟಿಯಾದ ಮೇಲೆ ತಿರುಗಿಸಿದರೆ ಭಾರೀ ಬಲವೇ ಬೇಕಾಯಿತು. ಆದರೆ ತಣಿಯಲು ತೊಡಗಿದ ಗಳಿಗೆಯಿಂದಲೇ ತಿರುಗಿಸುತ್ತಾ ಬಂದಾಗ, 40 ಶೇಕಡಾ ಗಟ್ಟಿಯಾದ ಲೋಹಕ್ಕೂ ಮೊದಲಿನ ಸಾವಿರದಲ್ಲೊಂದು ಪಾಲಿನಷ್ಟು ಬಲ ಸಾಕಾಯಿತು! ನಿರಂತರ ಕಲಕಿದ್ದರಿಂದ ಹರಳುಗಳು ಕವಲೊಡೆಯದೆ ದುಂಡಗಾಗಿದ್ದವು. ದುಂಡು ಕಾಳುಗಳು ಒಂದರ ಮೇಲೊಂದು ಉರುಳುತ್ತವೆ, ಹೆಣೆದುಕೊಳ್ಳುವುದಿಲ್ಲ. 1972ರಲ್ಲಿ ಸ್ಪೆನ್ಸರ್, ಮೆಹ್ರಾಬಿಯನ್ ಮತ್ತು ಫ್ಲೆಮಿಂಗ್ಸ್ ಇದನ್ನು ಪ್ರಕಟಿಸಿದರು.

ಕಾರಿನ ಬಿಡಿಭಾಗ ತಯಾರಿಸುವವರಿಗೆ ಇದರ ಬೆಲೆ ಬೇಗ ಅರ್ಥವಾಯಿತು. ಸಾಮಾನ್ಯ ಡೈ ಕಾಸ್ಟಿಂಗ್‌ನಲ್ಲಿ ಕರಗಿದ ಲೋಹ ಅಚ್ಚಿನ ಬಾಯಲ್ಲಿ ಸೆಕೆಂಡಿಗೆ 30-40 ಮೀಟರ್ ವೇಗದಲ್ಲಿ ನುಗ್ಗುತ್ತದೆ. ಸಿಡಿಯುತ್ತದೆ, ಗಾಳಿಯನ್ನು ಒಳಗೆ ಕಟ್ಟಿಹಾಕುತ್ತದೆ. ಬಲ ಹೆಚ್ಚಿಸಲೆಂದು ಅಂಥ ಭಾಗವನ್ನು 540 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ಕಾಯಿಸಿದರೆ ಸಿಕ್ಕಿಬಿದ್ದ ಗಾಳಿ ಹಿಗ್ಗಿ ಮೈಮೇಲೆ ಬೊಬ್ಬೆ ಏಳುತ್ತದೆ. ಬೆಸುಗೆ ಹಾಕಲು ಹೋದರೂ ಅದೇ ಪಾಡು. ಅರೆಘನ ಲೋಹ ದೋಸೆ ಹಿಟ್ಟಿನಂತೆ ಒತ್ತೊತ್ತಾಗಿ ಸರಿದು, ಗಾಳಿಯನ್ನು ಮುಂದಕ್ಕೆ ತಳ್ಳಿಕೊಂಡು ಅಚ್ಚು ತುಂಬುತ್ತದೆ. ಇನ್ನೊಂದು ಲಾಭವೂ ಇದೆ. ಅಲ್ಯೂಮಿನಿಯಂ ಗಟ್ಟಿಯಾಗುವಾಗ ಸುಮಾರು 6 ಶೇಕಡಾ ಕುಗ್ಗುತ್ತದೆ. ಅರ್ಧ ಕುಗ್ಗುವಿಕೆ ಅಚ್ಚಿಗೆ ಬೀಳುವ ಮೊದಲೇ ಮುಗಿದಿದ್ದರೆ ಒಳಗೆ ಟೊಳ್ಳು ಉಳಿಯುವ ಭಯ ಅಷ್ಟು ಕಡಿಮೆ. ಇಟಲಿಯ ಮ್ಯಾಗ್ನೆಟಿ ಮರೇಲಿ ಕಂಪನಿ ಎಂಜಿನ್‌ಗೆ ಇಂಧನ ಹಂಚುವ ಕೊಳವೆಗಳನ್ನು ಈ ವಿಧಾನದಲ್ಲಿ ಎರಕ ಹೊಯ್ಯಿತು. ಒತ್ತಡದಲ್ಲಿ ಪೆಟ್ರೋಲ್ ಹಿಡಿದಿಡುವ ಭಾಗ ಅದು, ಕಣ್ಣಿಗೆ ಕಾಣದ ರಂಧ್ರವೂ ಅಲ್ಲಿ ಅಪಾಯ.

ಆದರೆ ಆಗ ಬಳಕೆಯಲ್ಲಿದ್ದ ಹಾದಿ ದುಬಾರಿ. ದುಂಡು ಹರಳಿನ ಉರುಳೆಗಳನ್ನು ಬೇರೆಡೆ ತಯಾರಿಸಿ ತರಿಸಬೇಕು, ಮತ್ತೆ ಅರ್ಧ ಕರಗುವವರೆಗೆ ಕಾಯಿಸಬೇಕು. ಶಾಖ ನಾಲ್ಕಾರು ಡಿಗ್ರಿ ಹೆಚ್ಚಾದರೆ ಉರುಳೆಯ ಬುಡ ಕುಸಿದು ಅಗಲವಾಗುತ್ತದೆ. ಕುಲುಮೆಯವರು ಅದಕ್ಕೆ ಆನೆಕಾಲು ಎಂದೇ ಹೆಸರಿಟ್ಟಿದ್ದಾರೆ. ಉಳಿದ ತುಂಡುಗಳನ್ನು ಅಲ್ಲೇ ಕರಗಿಸಿ ಮತ್ತೆ ಉರುಳೆ ಮಾಡಿಕೊಳ್ಳಲೂ ಆಗದು.

ಇಲ್ಲಿ ಎರಡನೆಯ ಒಳನೋಟ ನೆರವಿಗೆ ಬಂತು, ಮೊದಲನೆಯದಕ್ಕಿಂತ ಸೊಗಸಾದದ್ದು. ಕೊನೆಯವರೆಗೆ ಕಲಕಬೇಕಾಗಿಯೇ ಇಲ್ಲ. ಒತ್ತೊತ್ತಾಗಿ ಬಿತ್ತಿದ ರಾಗಿ ತೆಂಡೆ ಒಡೆಯುವುದಿಲ್ಲ, ಹರಳೂ ಹಾಗೆಯೇ. ಹೆಪ್ಪುಗಟ್ಟುವ ಆರಂಭದಲ್ಲೇ ಅಸಂಖ್ಯ ಹರಳುಬೀಜಗಳನ್ನು ಎಬ್ಬಿಸಿಬಿಟ್ಟರೆ ಕೊಂಬೆ ಚಾಚಲು ಯಾವುದಕ್ಕೂ ಜಾಗ ಸಿಗದು. 2000ದ ಹೊತ್ತಿಗೆ ಎಂಐಟಿಯಲ್ಲೇ ತಣ್ಣನೆಯ ಕೋಲೊಂದನ್ನು ಕೆಲವೇ ಸೆಕೆಂಡು ಆಡಿಸಿ ಇದನ್ನು ಸಾಧಿಸಿದರು. ಥಾಯ್ಲೆಂಡಿನ ಪ್ರಿನ್ಸ್ ಆಫ್ ಸೋಂಗ್‌ಕ್ಲಾ ವಿಶ್ವವಿದ್ಯಾಲಯದವರು ಸಣ್ಣ ರಂಧ್ರಗಳ ಗ್ರಾಫೈಟ್ ಮೂಲಕ ಅನಿಲದ ಗುಳ್ಳೆ ಹಾಯಿಸಿದರು. ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಂತೂ ಅದೇ ಮಿಶ್ರಲೋಹದ ಗಟ್ಟಿ ಮುದ್ದೆಯೊಂದನ್ನು ಕೋಲಿಗೆ ಕಚ್ಚಿಸಿ ಕರಗಿದ ಲೋಹದಲ್ಲಿ ಗಿರಗಿರ ತಿರುಗಿಸುತ್ತಾರೆ. ಮುದ್ದೆ ಸುತ್ತಲಿನ ಶಾಖ ಹೀರಿ ತಾನು ಕರಗುತ್ತದೆ, ಬೀಜಗಳನ್ನು ಬಿತ್ತಿ ಮಾಯವಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಪ್ರದೀಪ್ ದತ್ತ ಮತ್ತು ಸಂಗಡಿಗರು ಕೋಲನ್ನೇ ಬಿಟ್ಟು ಕಲಕುವ ದಾರಿ ಹಿಡಿದರು. ಕರಗಿದ ಅಲ್ಯೂಮಿನಿಯಂ ಉಕ್ಕನ್ನೂ ಮೆಲ್ಲಗೆ ತಿನ್ನುತ್ತದೆ, ಕೋಲು ಸವೆದಷ್ಟೂ ಕಬ್ಬಿಣ ಲೋಹಕ್ಕೆ ಸೇರಿ ಅದು ಪೆಡಸಾಗುತ್ತದೆ. ಅದರ ಬದಲು ಅಚ್ಚಿನ ಸುತ್ತ ತಂತಿಸುರುಳಿಗಳನ್ನಿಟ್ಟು ವಿದ್ಯುತ್ ಹರಿಸಿದರೆ, ಪಂಪ್‌ಸೆಟ್ಟಿನ ಮೋಟಾರಿನಲ್ಲಿ ಆಗುವಂತೆಯೇ, ಚಲಿಸುವ ಕಾಂತಕ್ಷೇತ್ರ ದ್ರವಲೋಹವನ್ನು ಮುಟ್ಟದೆಯೇ ಕದಡುತ್ತದೆ. ಹೀಗೆ ಎರೆದ ಲೋಹದ ಚೂರನ್ನು ಉಜ್ಜಿ ಹೊಳಪುಗೊಳಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: ಕಲಕದ ಲೋಹದಲ್ಲಿ ಜರೀಗಿಡದ ಎಲೆಗಳು, ಕಲಕಿದ್ದರಲ್ಲಿ ಕೂದಲೆಳೆಯಷ್ಟೇ ಅಗಲದ ದುಂಡು ಕಾಳುಗಳು.