ಬಿದ್ದ ಹಕ್ಕಿಯ ಬೆನ್ನು ಹತ್ತಿ

ಚರೆ ತಗುಲಿದ ಹಕ್ಕಿಗಳೆಲ್ಲ ಒಂದೇ ಥರ ಬೀಳುವುದಿಲ್ಲ. ಕೆಲವು ರೆಕ್ಕೆ ಮಡಚಿಕೊಂಡು ಇದ್ದಲ್ಲೇ ಉದುರುತ್ತವೆ. ಕಾಲು ಜೋತುಬಿದ್ದದ್ದು ಏನೂ ಆಗಿಲ್ಲವೆಂಬಂತೆ ಗುಡ್ಡ ದಾಟಿ ಹೋಗಿ, ಆಚೆ ಎಲ್ಲೋ ಇಳಿದು, ಮತ್ತೆ ಏಳುವುದಿಲ್ಲ. ಶ್ವಾಸಕೋಶಕ್ಕೆ ಪೆಟ್ಟು ಬಿದ್ದ ಹಕ್ಕಿ ತುಸು ದೂರ ಹಾರಿ, ಇದ್ದಕ್ಕಿದ್ದಂತೆ ನೆಟ್ಟಗೆ ಆಕಾಶಕ್ಕೆ ಏರತೊಡಗುತ್ತದೆ. ಏರಿ ಏರಿ ಅಲ್ಲೇ ಪ್ರಾಣ ಬಿಟ್ಟು ಕೆಳಗೆ ಬೀಳುತ್ತದೆ. ಹುಡುಕಿದಾಗ ಬಹುಮಟ್ಟಿಗೆ ಅಂಗಾತ ಸಿಗುತ್ತದೆ. ಇನ್ನು ರೆಕ್ಕೆಯೊಂದು ಮಾತ್ರ ಮುರಿದದ್ದು ಇದೆಯಲ್ಲ, ಎಲ್ಲಕ್ಕಿಂತ ಕಷ್ಟದ್ದು ಅದೇ. ನೆಲ ಮುಟ್ಟಿದ ಗಳಿಗೆಯಿಂದ ಓಟ ಕೀಳುತ್ತದೆ. ಬಿದ್ದ ಜಾಗಕ್ಕೆ ನಾವು ಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿ ನಾಲ್ಕು ಪುಕ್ಕ ಬಿಟ್ಟರೆ ಬೇರೇನೂ ಇರುವುದಿಲ್ಲ.

ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವರು ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಜೀವನದಲ್ಲಿ ಒಮ್ಮೆಯೂ ಕೋವಿ ಎತ್ತಿದವರಲ್ಲ. ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ, ಅಬರ್‌ಫೆಲ್ಡಿ ಎಂಬ ಪುಟ್ಟ ಊರಿನ ಮೇಲಿನ ಗುಡ್ಡಗಳಲ್ಲಿ ಬೇಟೆಯ ಹಂಗಾಮು ಶುರುವಾದರೆ, ಬೇರೆಯವರು ಹೊಡೆದ ಹಕ್ಕಿಗಳನ್ನು ನಾಯಿ ಬಿಟ್ಟು ಹುಡುಕಿಸಿ ತರುವುದು ಅವರ ಕೆಲಸ. ಪಿಕರ್-ಅಪ್ ಎಂದು ಅಲ್ಲಿ ಕರೆಯುತ್ತಾರೆ. ಕೈಯಲ್ಲೊಂದು ಊರುಗೋಲು, ಕೊರಳಲ್ಲಿ ಸೀಟಿ, ಹಿಂದೆ ಮೂರು ಕಪ್ಪು ಲ್ಯಾಬ್ರಡಾರ್ ಮತ್ತು ವಯಸ್ಸಾದ ಒಂದು ಗೋಲ್ಡನ್ ರಿಟ್ರೀವರ್ ಹೆಣ್ಣು. ಸಿಗುವುದು ದಿನದ ಪೆಟ್ರೋಲು ಖರ್ಚಿಗೆ ಸಾಲುವಷ್ಟು ದುಡ್ಡು, ಅದರ ಜೊತೆ ಅಡುಗೆಗೆ ಒಂದು ಜೋಡಿ ಹಕ್ಕಿ. ಹೆಸರು ಹಾಕಬೇಡಿ ಎಂದರು. ಬೇಟೆಯ ಮಾತು ಬಂದರೆ ಈಗ ಬ್ರಿಟನ್ನಿನಲ್ಲಿ ಜಗಳವೂ ಬೆನ್ನಿಗೇ ಬರುತ್ತದೆ. ನಾಯಿಗಳ ಹೆಸರನ್ನಾದರೂ ಹಾಕಲೇ ಎಂದರೆ, ಊರಿನವರಿಗೆ ನನಗಿಂತ ಅವುಗಳ ಗುರುತೇ ಹೆಚ್ಚು ಎಂದು ನಕ್ಕರು.

ಈ ಎರಡು ತಳಿಗಳೂ ನಮಗೆ ಹೊಸವಲ್ಲ. ಜಯನಗರದಲ್ಲೋ ಕುವೆಂಪುನಗರದಲ್ಲೋ ಬೆಳಗಿನ ವಾಕಿಂಗ್ ಹೊರಟರೆ ಎದುರಾಗುತ್ತಲೇ ಇರುತ್ತವೆ. ಚೆಂಡು ಎಸೆದರೆ ತಂದುಕೊಡುತ್ತದೆ ಎಂದು ಹಿಗ್ಗುವ ನಮಗೆ, ಅದನ್ನು ಕಚ್ಚಿ ಹರಿಯದೆ ಯಾಕೆ ತರುತ್ತದೆ ಎಂಬ ಪ್ರಶ್ನೆ ಹೊಳೆಯುವುದಿಲ್ಲ. ತೇಜಸ್ವಿಯವರ ನಾಯಿ ‘ಕಿವಿ’ಯ ಬೆನ್ನು ಹತ್ತಿ ಪುಸ್ತಕದಲ್ಲೇ ಕಾಡು ಸುತ್ತಿದವರಿಗೆ ಬಹುಶಃ ಹೊಳೆದೀತು. ನಮ್ಮ ನಗರದ ನಾಯಿಗಳಿಗೆ ಹಕ್ಕಿಯನ್ನು ಕಚ್ಚದೆ ತರುವ ಆ ಬಾಯಿ ಉಳಿದಿದೆ, ಅದರ ಕೆಲಸ ಹೋಗಿದೆ.

ಅಲ್ಲಿನ ಬೇಟೆ ಹೀಗೆ. ರೆಡ್ ಗ್ರೌಸ್ ನಮ್ಮ ಗೌಜಲಹಕ್ಕಿಗಿಂತ ತುಸು ದೊಡ್ಡದಾದ, ಕೆಂಗಂದು ಬಣ್ಣದ ಹಕ್ಕಿ. ಮೊಣಕಾಲೆತ್ತರದ ಹೆದರ್ ಪೊದೆಗಳಲ್ಲಿ ಅದರ ವಾಸ; ಅದರ ಚಿಗುರೇ ಅದಕ್ಕೆ ಮುಖ್ಯ ಆಹಾರ. ಆಗಸ್ಟ್ 12ಕ್ಕೆ ಹಂಗಾಮು ತೆರೆದು ಡಿಸೆಂಬರ್ 10ಕ್ಕೆ ಮುಗಿಯುತ್ತದೆ. ಬಾವುಟ ಹಿಡಿದ ಸೋವುಗಾರರ ಸಾಲು ಗುಡ್ಡದ ಒಂದು ಮಗ್ಗುಲಿಂದ ಹಕ್ಕಿಗಳನ್ನು ಎಬ್ಬಿಸಿಕೊಂಡು ಬರುತ್ತದೆ. ನಮ್ಮ ಮಲೆನಾಡಿನ ಹಿರಿಯರು ಹಳು ನುಗ್ಗುವುದು ಎನ್ನುತ್ತಿದ್ದರಲ್ಲ, ಸುಮಾರು ಅದೇ. ಕೋವಿಯವರು ಎದೆಮಟ್ಟದ ಕಲ್ಲುಗೋಡೆಗಳ ಮರೆಯಲ್ಲಿ ನಿಂತಿರುತ್ತಾರೆ. ಗ್ರೌಸ್ ನೆಲಕ್ಕೆ ತಾಗಿದಂತೆ ಗಾಳಿಯ ವೇಗದಲ್ಲಿ ಬರುವುದರಿಂದ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ಕ್ಷಣ. ತಾನು ಹೊಡೆದದ್ದು ಎಲ್ಲಿ ಬಿತ್ತು ಎಂದು ನೋಡಲು ಅವರಿಗೆ ಪುರುಸೊತ್ತೆಲ್ಲಿ?

ನೋಡುವವರು ಪಿಕರ್-ಅಪ್‌ಗಳು. ಕೋವಿಯವರ ಬೆನ್ನ ಹಿಂದೆ, ಚರೆ ಮುಟ್ಟದಷ್ಟು ದೂರದಲ್ಲಿ, ಗುಡ್ಡದ ಮಡಿಕೆಯಲ್ಲಿ ಕೂತಿರುತ್ತಾರೆ. ಪೆಟ್ಟು ತಿಂದೂ ಹಾರುತ್ತಿರುವ ಹಕ್ಕಿ ಯಾವುದು, ಅದು ಯಾವ ಬಂಡೆಯ ನೇರಕ್ಕೆ ಇಳಿಯಿತು, ಇಳಿಯುವಾಗ ತಲೆ ಎತ್ತಿತ್ತೋ ಇಲ್ಲವೋ ಎಂದು ಕಣ್ಣಿನಲ್ಲೇ ಬರೆದಿಟ್ಟುಕೊಳ್ಳಬೇಕು. ಹೆದರ್ ಬಯಲಿನಲ್ಲಿ ಒಮ್ಮೆ ಕಣ್ಣು ಕಿತ್ತರೆ ಎಲ್ಲ ಪೊದೆಯೂ ಒಂದೇ. ಟೀಚರಮ್ಮ ಈಡುಗಳು ಮೊಳಗುತ್ತಿರುವಾಗ ಯಾರೊಡನೆಯೂ ಮಾತಾಡುವುದಿಲ್ಲ. ನಾನು ಏನೋ ಕೇಳಲು ಬಾಯಿ ತೆರೆದರೆ ಊರುಗೋಲು ಎತ್ತಿ ಸುಮ್ಮನಾಗಿಸಿದರು.

ಕಹಳೆ ಊದಿ ಸುತ್ತು ಮುಗಿಯಿತು ಎಂದಾದ ಮೇಲೆ ನಾಯಿಗಳ ಸರದಿ. ಗಾಳಿ ಎದುರಿಗೆ ಬರುವಂತೆ ನೋಡಿಕೊಂಡು, ಕೆಳಗಾಳಿಯ ಕಡೆಯಿಂದಲೇ ನಾಯಿ ಬಿಡಬೇಕು. ಸತ್ತು ಬಿದ್ದವು ಬೇಗ ಬೇಗ ಬಂದುಬಿಟ್ಟವು. ನಾನು ನೋಡಬೇಕಾಗಿದ್ದದ್ದು ಆಮೇಲಿನದು. ಒಬ್ಬ ಕೋವಿಯವನು ಬಂದು, ತನ್ನದೊಂದು ಹಕ್ಕಿ ಸಿಕ್ಕಿಲ್ಲ, ಇಗೋ ಈ ಬಿಳಿ ಕಲ್ಲಿನ ಪಕ್ಕದಲ್ಲೇ ಬಿದ್ದದ್ದು ಎಂದ. ಎಳೆಯ ಲ್ಯಾಬ್ರಡಾರ್ ಒಂದು ಆ ಕಲ್ಲನ್ನು ಸುತ್ತಿದ್ದೇ ಸುತ್ತಿದ್ದು. ಹಕ್ಕಿ ಬಿದ್ದ ಜಾಗದಲ್ಲಿ ವಾಸನೆ ದಟ್ಟವಾಗಿರುತ್ತದೆ. ಅನುಭವವಿಲ್ಲದ ನಾಯಿಗೆ ಅಲ್ಲಿಂದ ಕಾಲು ಕೀಳಲಾಗುವುದಿಲ್ಲ. ಟೀಚರಮ್ಮ ಅದನ್ನು ಹಿಂದಕ್ಕೆ ಕರೆದು ಗೋಲ್ಡನ್ ಮುದುಕಿಯನ್ನು ಬಿಟ್ಟರು. ಅದು ಕಲ್ಲಿನ ಹತ್ತಿರ ಒಂದೇ ಒಂದು ಸಲ ಮೂಸಿತು. ಆಮೇಲೆ ಸುತ್ತಲೂ ಅಗಲವಾಗಿ ಒಂದು ಸುತ್ತು ಹಾಕಿ, ಮೂಗು ನೆಲಕ್ಕೆ ಇಳಿಸಿ, ನಾವೆಲ್ಲ ನಿರೀಕ್ಷಿಸಿದ್ದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಇಳಿಜಾರು ಹಿಡಿಯಿತು.

ಕೋವಿಯವನು ನಾಯಿ ದಾರಿ ತಪ್ಪಿದೆ, ಕರೆಯಿರಿ ಎಂದ. ಅವರು ಕರೆಯಲಿಲ್ಲ. ನಾಯಿ ಒಂದು ಹಳ್ಳ ದಾಟಿತು, ಜರಿಗಿಡಗಳ ಪೊದೆಯೊಳಗೆ ಕಾಣೆಯಾಯಿತು. ಎಷ್ಟೋ ಹೊತ್ತು ಏನೂ ಅಲುಗಲಿಲ್ಲ. ಸೀಟಿ ಅವರ ತುಟಿಯ ಹತ್ತಿರ ಬಂದು, ಹಾಗೇ ಕೆಳಗಿಳಿಯಿತು. ಈ ವಿದ್ಯೆಯಲ್ಲಿ ನಾಯಿಗಿಂತ ಮನುಷ್ಯನಿಗೇ ಹೆಚ್ಚಿನ ತರಬೇತಿ ಬೇಕಾಗಿರುವುದು ಇಲ್ಲಿ ಎಂದು ನನಗನ್ನಿಸಿತು. ನಮಗೆ ಕಂಡದ್ದು ಹಕ್ಕಿ ಬಿದ್ದದ್ದು ಮಾತ್ರ. ಅದು ಎದ್ದು ಓಡಿದ್ದು ನಾಯಿಗೆ ಗೊತ್ತು. ಕಂಡವನ ಮಾತು ಕೇಳಿ ಆ ಹೊತ್ತಿನಲ್ಲಿ ಸೀಟಿ ಊದಿಬಿಟ್ಟರೆ ಒಂದು ಹಕ್ಕಿ ಹೋಯಿತು ಎಂದಷ್ಟೇ ಅಲ್ಲ, ಮುಂದಿನ ಸಲ ನಾಯಿ ತನ್ನ ಮೂಗನ್ನು ನಂಬುವ ಮೊದಲು ನಿಮ್ಮ ಮುಖ ನೋಡುತ್ತದೆ. ಹಾಗೆ ಕೆಟ್ಟ ನಾಯಿಗಳನ್ನು ಅವರು ಬೇಕಾದಷ್ಟು ಕಂಡಿದ್ದಾರಂತೆ.

ಬಂತು. ಬಾಯಲ್ಲಿ ಹಕ್ಕಿ, ಜೀವಂತ, ತಲೆ ಎತ್ತಿ ಪಿಳಿಪಿಳಿ ನೋಡುತ್ತಿದೆ. ಟೀಚರಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, ನಮ್ಮತ್ತ ಬೆನ್ನು ತಿರುಗಿಸಿ, ಒಂದು ಕ್ಷಣದಲ್ಲಿ ಕತ್ತು ಮುರಿದರು. ನಾನು ಬೇಟೆಯ ಪರವಾದವನಲ್ಲ. ಮೋಜಿಗೆ ಹಕ್ಕಿ ಹೊಡೆಯುವುದು ಯಾಕೆ ಬೇಕು ಎಂಬ ಪ್ರಶ್ನೆಗೆ ಅಲ್ಲಿ ಯಾರೂ ನನಗೆ ಒಪ್ಪುವಂಥ ಉತ್ತರ ಕೊಡಲಿಲ್ಲ. ಆದರೆ ಆ ಹಕ್ಕಿ ಮುರಿದ ರೆಕ್ಕೆ ಎಳೆದುಕೊಂಡು ರಾತ್ರಿಯವರೆಗೆ, ನರಿ ಬರುವವರೆಗೆ, ಹಳ್ಳದ ದಂಡೆಯಲ್ಲಿ ಬಿದ್ದಿರುವುದಕ್ಕಿಂತ ಇದು ಮೇಲು. ಹೊಡೆದವನು ಆಗಲೇ ಊಟದ ಡೇರೆಗೆ ಹೋಗಿದ್ದ.

ಅವರು ಆ ಹಕ್ಕಿಯನ್ನು ನನ್ನ ಕೈಗಿಟ್ಟು ಎದೆಗೂಡಿನ ಎರಡೂ ಬದಿ ಹೆಬ್ಬೆರಳು, ಬೆರಳುಗಳಿಂದ ಒತ್ತಿ ನೋಡಲು ಹೇಳಿದರು. ಪಕ್ಕೆಲುಬು ಒಂದೂ ಮುರಿದಿರಲಿಲ್ಲ. ಇಂಥ ನಾಯಿಗಳ ಸ್ಪರ್ಧೆಗಳಲ್ಲಿ ತೀರ್ಪುಗಾರರು ಪರೀಕ್ಷಿಸುವುದು ಹೀಗೆಯೇ. ನಾಯಿ ಕಚ್ಚಿ ಪಕ್ಕೆ ನುಚ್ಚಾಗಿದ್ದರೆ ಅದನ್ನು ಗಟ್ಟಿಬಾಯಿಯದು ಎಂದು ಅಲ್ಲೇ ಹೊರಗೆ ಹಾಕುತ್ತಾರೆ. ಇನ್ನೊಂದು ನಿಯಮ ಇನ್ನೂ ಕಠಿಣ. ಒಂದು ನಾಯಿ ಹುಡುಕಿ ಸೋತ ಹಕ್ಕಿಯನ್ನು ಮುಂದಿನ ನಾಯಿ ತಂದರೆ ಸೋತದ್ದು ಔಟ್. ಯಾವ ನಾಯಿಗೂ ಸಿಗದೆ, ತೀರ್ಪುಗಾರರೇ ನಡೆದು ಹೋಗಿ ಹಕ್ಕಿಯನ್ನು ಎತ್ತಿದರೆ ಹುಡುಕಿದ ನಾಯಿಗಳೆಲ್ಲ ಔಟ್. 1909ರಲ್ಲಿ ಶುರುವಾದ ರಿಟ್ರೀವರ್ ಚಾಂಪಿಯನ್‌ಷಿಪ್ ಇಂದಿಗೂ ಈ ಪಂಥದ ದೊಡ್ಡ ಹಬ್ಬ. ಸ್ಯಾಂಡ್ರಿಂಗಮ್ ಎಸ್ಟೇಟಿನಲ್ಲಿ ಎರಡನೇ ಎಲಿಜಬೆತ್ ರಾಣಿಯೇ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ನಾಯಿ ಬಿಟ್ಟು ಹಕ್ಕಿ ಎತ್ತಿಸುತ್ತಿದ್ದರು.

ಇತಿಹಾಸವನ್ನು ಟೀಚರಮ್ಮ ಹೇಳಿದಷ್ಟೇ ಹೇಳುತ್ತೇನೆ. ಮೊದಲು ಹಕ್ಕಿ ಇರುವ ಜಾಗ ತೋರಿಸುವ ಪಾಯಿಂಟರ್, ಸೆಟ್ಟರ್ ನಾಯಿಗಳದೇ ಕಾಲ. ಕೋವಿಯ ಬಾಯಿಯಿಂದ ಮದ್ದು ಗಿಡಿಯಬೇಕಾಗಿದ್ದ ದಿನಗಳಲ್ಲಿ ಬೀಳುತ್ತಿದ್ದ ಹಕ್ಕಿಗಳೇ ಕಡಿಮೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಫ್ರಾನ್ಸಿನ ತೋಟಾ ಕೋವಿ ಕಂಡ ಮೇಲೆ ಲೆಕ್ಕ ಬದಲಾಯಿತು. ರೈಲು ಬಂತು, ವಿಕ್ಟೋರಿಯಾ ರಾಣಿ ಬಾಲ್ಮೊರಲ್‌ನಲ್ಲಿ ಮನೆ ಮಾಡಿದಳು, ಗುಡ್ಡದ ಬೇಟೆ ಶ್ರೀಮಂತರ ಫ್ಯಾಷನ್ ಆಯಿತು. ಅದರಲ್ಲಿ ನಮ್ಮವನೂ ಒಬ್ಬನಿದ್ದ: ಲಾಹೋರಿನ ಸಿಂಹಾಸನ ಕಳೆದುಕೊಂಡ ದುಲೀಪ್ ಸಿಂಗ್. ಅಬರ್‌ಫೆಲ್ಡಿ ಪಕ್ಕದ ಮೆಂಜೀಸ್ ಕೋಟೆಯಲ್ಲಿ ಕೆಲಕಾಲ ಬಾಡಿಗೆಗಿದ್ದ ಆತ 1871ರಲ್ಲಿ ಗ್ರಾಂಟ್ಲಿಯ ಗುಡ್ಡದಲ್ಲಿ ಒಂದೇ ದಿನ ಒಬ್ಬನೇ 440 ಗ್ರೌಸ್ ಹೊಡೆದನೆಂದು ದಾಖಲೆ. ಲ್ಯಾಂಕಶೈರ್‌ನ ಅಬಿಸ್ಟೆಡ್‌ನಲ್ಲಿ 1915ರ ಆಗಸ್ಟ್ 12ರಂದು ಎಂಟು ಕೋವಿಗಳು ಸೇರಿ 2,929. ಹೊಡೆದವರ ಹೆಸರೆಲ್ಲ ಪುಸ್ತಕದಲ್ಲಿವೆ. ಅಷ್ಟನ್ನೂ ಎತ್ತಿ ತಂದ ನಾಯಿಗಳ ಹೆಸರು ಹುಡುಕಿದರೆ ಸಿಗುವುದಿಲ್ಲ.

ಈ ಹೊಸ ಕೆಲಸಕ್ಕಾಗಿ ಹುಟ್ಟಿದವೇ ರಿಟ್ರೀವರ್‌ಗಳು. ಲ್ಯಾಬ್ರಡಾರ್‌ನ ಮೂಲ ನ್ಯೂಫೌಂಡ್‌ಲೆಂಡಿನ ಮೀನುಗಾರರ ನಾಯಿ. ಗೋಲ್ಡನ್‌ನದು ಇನ್ನೂ ಚೆಂದದ ಕಥೆ: ರಷ್ಯದ ಸರ್ಕಸ್ ನಾಯಿಗಳನ್ನು ಒಬ್ಬ ಲಾರ್ಡ್ ಇಡೀ ತಂಡಸಮೇತ ಕೊಂಡುಕೊಂಡನೆಂದು ಟೀಚರಮ್ಮನ ತಂದೆ ಕೊನೆಯವರೆಗೂ ನಂಬಿದ್ದರು. 1952ರಲ್ಲಿ ಆ ಮನೆತನದ ನಾಯಿ ಲೆಕ್ಕದ ಪುಸ್ತಕ ಬೆಳಕಿಗೆ ಬಂದು ಕಥೆ ಒಡೆಯಿತು. ನಿಜ ಏನೆಂದರೆ, ಮುಂದೆ ಲಾರ್ಡ್ ಟ್ವೀಡ್‌ಮೌತ್ ಆದ ಡಡ್ಲಿ ಮಾರ್ಚ್‌ಬ್ಯಾಂಕ್ಸ್ 1865ರಲ್ಲಿ ಬ್ರೈಟನ್‌ನಲ್ಲಿ ನೌಸ್ ಎಂಬ ಹಳದಿ ಗಂಡುನಾಯಿ ಕೊಂಡ. ಇನ್‌ವರ್ನೆಸ್ ಸೀಮೆಯ ಗೂಶಗನ್ ಎಸ್ಟೇಟಿನಲ್ಲಿ 1868ರಲ್ಲಿ ಬೆಲ್ ಎಂಬ ಟ್ವೀಡ್ ವಾಟರ್ ಸ್ಪೇನಿಯಲ್ ಹೆಣ್ಣಿನೊಡನೆ ಅದರ ಮರಿಗಳಾದವು. ಬೆಲ್‌ನ ತಳಿ ಈಗ ಭೂಮಿಯ ಮೇಲಿಲ್ಲ. ಗೂಶಗನ್ ಬಂಗಲೆಯೂ ಚಾವಣಿ ಕಳೆದುಕೊಂಡು ಗೋಡೆಯಷ್ಟೇ ಉಳಿದಿದೆ. 2018ರಲ್ಲಿ 150 ವರ್ಷದ ನೆನಪಿಗೆ ಆ ಪಾಳುಗೋಡೆಗಳ ಮುಂದೆ ಜಗತ್ತಿನ ಮೂಲೆಮೂಲೆಯವರು 361 ಗೋಲ್ಡನ್‌ಗಳನ್ನು ತಂದು ಫೋಟೊ ತೆಗೆಸಿಕೊಂಡರು.

ತರಬೇತಿಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ, ಏಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕೂರುವುದು. ಕಣ್ಣೆದುರು ಹಕ್ಕಿ ಬೀಳುತ್ತಿದ್ದರೂ ಹೇಳುವವರೆಗೆ ಏಳಬಾರದು. ಉದ್ದ ಸೀಟಿ ಒಂದಕ್ಕೆ ನಿಲ್ಲಬೇಕು, ಸಣ್ಣ ಸೀಟಿಗಳಿಗೆ ಹಿಂದಿರುಗಬೇಕು. ಮೊದಲು ಕ್ಯಾನ್ವಾಸ್ ಚೀಲದ ಬೊಂಬೆ, ಆಮೇಲೆ ತಣ್ಣಗಾದ ಹಕ್ಕಿ, ಕೊನೆಗೆ ಬಿಸಿಯಿರುವುದು. ಓಡುವ ಹಕ್ಕಿಯ ಮೇಲೆ ಎಳೆಯ ನಾಯಿಯನ್ನು ಬಿಡಬಾರದು. ಓಟದ ರುಚಿ ಹತ್ತಿದರೆ ಮತ್ತೆ ಮೊಲವನ್ನೂ ಬಿಡುವುದಿಲ್ಲ.

ಈಗಿನ ಚಿಂತೆಗಳು ಬೇರೆ. ಪ್ರದರ್ಶನಕ್ಕೆ ಸಾಕುವ ಗೋಲ್ಡನ್‌ಗಳು ದಪ್ಪ ರೋಮದ ಭಾರಿ ನಾಯಿಗಳಾಗಿ, ಗುಡ್ಡದ ಸಣಕಲು ತಳಿಯಿಂದ ದೂರ ಸರಿದಿವೆ. ಹದ್ದು-ಗಿಡುಗಗಳನ್ನು ಕದ್ದು ಕೊಲ್ಲುತ್ತಾರೆಂಬ ಆರೋಪ ಗ್ರೌಸ್ ಎಸ್ಟೇಟುಗಳ ಮೇಲೆ ಹಳೆಯದು, ಸುಳ್ಳೂ ಅಲ್ಲ. 2024ರ ಕಾಯ್ದೆಯ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಗ್ರೌಸ್ ಬೇಟೆಗೆ ಲೈಸೆನ್ಸ್ ಬೇಕು. ಟೀಚರಮ್ಮ ಇದನ್ನು ಸ್ವಾಗತಿಸುತ್ತಾರೆ. ಗಿಡುಗ ಕೊಂದವನ ಹಕ್ಕಿಯನ್ನು ತಮ್ಮ ನಾಯಿ ಯಾಕೆ ಎತ್ತಬೇಕು ಎಂಬುದು ಅವರ ಪ್ರಶ್ನೆ. ಅವರಿಗೆ ಕೊರಗು ಇರುವುದು ಮತ್ತೊಂದರ ಬಗ್ಗೆ. ನಾಯಿ ಹಿಡಿದು ಇಡೀ ದಿನ ಮಳೆಯಲ್ಲಿ ಕೂರಲು ಹೊಸಬರು ಬರುತ್ತಿಲ್ಲ. ಕೋವಿಗೆ ಜನ ಸಿಗುತ್ತಾರೆ. ಅವರ ಬೆನ್ನ ಹಿಂದೆ ನಿಲ್ಲಲು ಸಿಗುವುದಿಲ್ಲ. ಬೇಟೆಗೆ ಪರವಾನಗಿ ಕೊಡುವ ಸರ್ಕಾರ, ಬಿದ್ದದ್ದನ್ನು ಹುಡುಕುವ ನಾಯಿಯೂ ಜೊತೆಗಿದೆಯೇ ಎಂದು ಕೇಳಿದರೆ ಒಳ್ಳೆಯದಿತ್ತು ಎಂದು ನನಗಂತೂ ಅನ್ನಿಸಿತು.

ಜುಲೈ ಕೊನೆಯಲ್ಲಿ ಪಾಯಿಂಟರ್ ನಾಯಿಗಳನ್ನು ಗುಡ್ಡದ ಮೇಲೆ ನಡೆಸಿ ಮರಿಗಳ ಎಣಿಕೆ ಮಾಡುತ್ತಾರೆ. ಹೊಟ್ಟೆಯ ಹುಳುವಿನಿಂದಲೋ ಉಣ್ಣೆಯಿಂದಲೋ ಹಕ್ಕಿ ಸತ್ತು ಲೆಕ್ಕ ಕಡಿಮೆ ಬಂದರೆ ಆ ವರ್ಷ ಆ ಗುಡ್ಡದಲ್ಲಿ ಯಾರೂ ಕೋವಿ ಎತ್ತುವುದಿಲ್ಲ. ಅಂಥ ವರ್ಷ ಟೀಚರಮ್ಮ ನಾಯಿಗಳನ್ನು ಕೆಳಗಿನ ಹೊಲ-ಕಾಡುಗಳಿಗೆ, ಅಕ್ಟೋಬರಿನಲ್ಲಿ ಶುರುವಾಗುವ ಫೆಸೆಂಟ್ ಬೇಟೆಗೆ ಕರೆದೊಯ್ಯುತ್ತಾರೆ. ಅಲ್ಲಿ ಸಾಕಿ ಬಿಟ್ಟ ಹಕ್ಕಿಗಳು. ಮೂಗಿಗೆ ಅಂಥ ಕೆಲಸವಿಲ್ಲ ಎಂದು ಮೂಗು ಮುರಿಯುತ್ತಾರೆ. ಗೋಲ್ಡನ್ ಮುದುಕಿಗೆ ಈಗ ಸೀಟಿ ಸರಿಯಾಗಿ ಕೇಳಿಸುವುದಿಲ್ಲ. ಬರುವ ಆಗಸ್ಟಿಗೆ ಅದನ್ನು ಮನೆಯಲ್ಲೇ ಬಿಟ್ಟು, ಕಲ್ಲು ಸುತ್ತುತ್ತಿದ್ದ ಆ ಎಳೆಯದಕ್ಕೆ ಓಡುವ ಹಕ್ಕಿಯನ್ನು ಒಪ್ಪಿಸಬೇಕು. ಅದು ಕಲಿತೀತೇ ಎಂದು ಕೇಳಿದ್ದಕ್ಕೆ, ಹಕ್ಕಿ ಇದ್ದರೆ ಎರಡು ಹಂಗಾಮು ಸಾಕು ಎಂದು ಲೆಕ್ಕ ಹಾಕಿದರು.